ಸರಿಯಾದ ಕಾಲೇಜಿನ ಆಯ್ಕೆ: ಮಾಹಿತಿ ಪುಸ್ತಕವನ್ನು ಓದುವ ಕ್ರಮ

(ಅಧ್ಯಯನ ಲೇಖನ: ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳ ಮೇಲ್ವಿಚಾರಕರು, ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಹಾಗೂ ಪೋಷಕರ ಉಪಯೋಗಕ್ಕಾಗಿ)

ಪೀಠಿಕೆ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ದಿನದಿಂದ ಕಾಲೇಜಿಗೆ ದಾಖಲಾಗುವ ದಿನದವರೆಗಿನ ಅವಧಿ ಕೆಲವೇ ವಾರಗಳದ್ದು. ಈ ಅಲ್ಪಾವಧಿಯಲ್ಲಿ ಒಂದು ಕುಟುಂಬವು ತನ್ನ ಮಗ ಅಥವಾ ಮಗಳ ಮುಂದಿನ ನಾಲ್ಕು ವರ್ಷಗಳನ್ನೂ, ಅನೇಕ ವೇಳೆ ತನ್ನ ವರ್ಷಗಳ ಉಳಿತಾಯವನ್ನೂ ಒಂದು ನಿರ್ಧಾರಕ್ಕೆ ಒಪ್ಪಿಸಬೇಕಾಗುತ್ತದೆ. ಮನೆಯಲ್ಲಿ ಹಿಂದೆ ಯಾರೂ ಪದವಿ ಓದಿರದಿದ್ದಲ್ಲಿ ಸಲಹೆ ಕೇಳುವುದಕ್ಕೆ ಹತ್ತಿರದವರು ಇರುವುದಿಲ್ಲ. ಆಗ ನೆಂಟರ ಮಾತು, ಬಸ್ ನಿಲ್ದಾಣದ ಫಲಕ, ಮಧ್ಯವರ್ತಿಯ ದೂರವಾಣಿ ಕರೆಗಳೇ ಸಲಹೆಯ ಸ್ಥಾನವನ್ನು ಆಕ್ರಮಿಸುತ್ತವೆ.

ಇದಕ್ಕೆ ಪರ್ಯಾಯವಾಗಿ ಪ್ರತಿಯೊಬ್ಬರಿಗೂ ದೊರೆಯುವ ಸಾಧನವೊಂದಿದೆ. ಅದು ಪ್ರವೇಶ ಪ್ರಕ್ರಿಯೆಯ ಮಾಹಿತಿ ಪುಸ್ತಕ ಮತ್ತು ಅದರೊಂದಿಗೆ ಪ್ರಕಟವಾಗುವ ಸೀಟು, ಶುಲ್ಕ ಹಾಗೂ ಹಿಂದಿನ ವರ್ಷದ ಕೊನೆಯ ರ‍್ಯಾಂಕ್‌ಗಳ ಪಟ್ಟಿಗಳು. ಇವುಗಳ ಮುದ್ರಿತ ಪ್ರತಿಯನ್ನು ಮೇಜಿನ ಮೇಲಿಟ್ಟುಕೊಂಡು, ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಓದಿದರೆ ಬಹುಪಾಲು ಸಂದೇಹಗಳು ಪರಿಹಾರವಾಗುತ್ತವೆ. ಓದುವ ಕ್ರಮ ತಿಳಿಯದಿದ್ದರೆ ಅದೇ ಪುಸ್ತಕವು ಅಂಕಿಗಳ ಕಾಡಾಗಿ ತೋರುತ್ತದೆ. ಆ ಕ್ರಮವನ್ನು ಎಂಜಿನಿಯರಿಂಗ್ ಪ್ರವೇಶದ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

1. ಮೊದಲಿಗೆ, ಕೈಯಲ್ಲಿರುವ ಪುಸ್ತಕ ಯಾವುದು?

ಮಾರ್ಗದರ್ಶಿ ಪುಸ್ತಕಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರಕಟಿಸುವ ಮಾಹಿತಿ ಪುಸ್ತಕ. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷಾ ಘಟಕವಾಗಿ ಆರಂಭವಾದ ವ್ಯವಸ್ಥೆಯೇ ಇಂದಿನ ಪ್ರಾಧಿಕಾರ. ಅರ್ಹತೆ, ಮೀಸಲಾತಿ, ದಾಖಲೆ, ಸೀಟು ಹಂಚಿಕೆ ಇವುಗಳ ನಿಯಮಗಳಿಗೆ ಇದೇ ಆಧಾರ. ಎರಡನೆಯದು, ಕಾಲೇಜು ತನ್ನ ಬಗ್ಗೆ ತಾನೇ ಅಚ್ಚು ಹಾಕಿಸುವ ಪ್ರಾಸ್ಪೆಕ್ಟಸ್. ಮೂರನೆಯದು, ಖಾಸಗಿ ಪ್ರಕಾಶಕರು ಮಾರಾಟ ಮಾಡುವ ವೃತ್ತಿ ಮಾರ್ಗದರ್ಶಿ.

ಮೂರೂ ಉಪಯುಕ್ತವಾದರೂ ಅವುಗಳ ತೂಕ ಒಂದೇ ಅಲ್ಲ. ಪ್ರಾಧಿಕಾರದ ಪುಸ್ತಕವು ನಿಯಮವನ್ನು ಹೇಳುತ್ತದೆ. ಪ್ರಾಸ್ಪೆಕ್ಟಸ್ ಕಾಲೇಜಿನ ಹಿರಿಮೆಯನ್ನು ಹೇಳುತ್ತದೆ, ಕೊರತೆಯನ್ನು ಹೇಳುವುದಿಲ್ಲ. ಖಾಸಗಿ ಮಾರ್ಗದರ್ಶಿಯು ಕೋರ್ಸುಗಳ ಸ್ವರೂಪವನ್ನು ತಿಳಿಯಲು ಒಳ್ಳೆಯದು, ಆದರೆ ಅದರಲ್ಲಿನ ಶುಲ್ಕ, ಸೀಟುಗಳ ಸಂಖ್ಯೆ ಹಳೆಯದಾಗಿರಬಹುದು. ಯಾವುದೇ ಪುಸ್ತಕವನ್ನು ತೆರೆದ ಕೂಡಲೇ ನೋಡಬೇಕಾದದ್ದು ಮುಖಪುಟದ ಮೇಲಿನ ಶೈಕ್ಷಣಿಕ ವರ್ಷ. ಕಾಲೇಜುಗಳ ಅನುಮೋದನೆ, ಸೀಟುಗಳ ಪ್ರಮಾಣ ಮತ್ತು ಶುಲ್ಕ ಬದಲಾಗುತ್ತಲೇ ಇರುತ್ತವೆ. ಹಿಂದಿನ ವರ್ಷದ ಪುಸ್ತಕದಿಂದ ಕೋರ್ಸಿನ ಪರಿಚಯ ಪಡೆಯಬಹುದು. ನಿಯಮ ಮತ್ತು ಶುಲ್ಕವನ್ನು ಪ್ರಸಕ್ತ ವರ್ಷದ ಪ್ರಕಟಣೆಯಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು.

2. ಒಂದು ಉದಾಹರಣೆ

ಓದುವ ಕ್ರಮವನ್ನು ಸ್ಪಷ್ಟಪಡಿಸಲು ಒಬ್ಬ ವಿದ್ಯಾರ್ಥಿನಿಯ ಸಂದರ್ಭವನ್ನು ಊಹಿಸಿಕೊಳ್ಳಬಹುದು. ಆಕೆಯ ತಂದೆ ಎರಡು ಎಕರೆಯಲ್ಲಿ ರಾಗಿ, ಕಡಲೆಕಾಯಿ ಬೆಳೆಯುವ ರೈತ. ಆಕೆ 1ರಿಂದ 10ನೇ ತರಗತಿಯವರೆಗೆ ಗ್ರಾಮದ ಕನ್ನಡ ಮಾಧ್ಯಮ ಶಾಲೆಯಲ್ಲಿಯೇ ಓದಿದ್ದಾಳೆ; ಪ್ರವರ್ಗ 2ಎ. ಎಂಜಿನಿಯರಿಂಗ್ ರ‍್ಯಾಂಕನ್ನು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ವಿಷಯಗಳ ಅಂಕ ಮತ್ತು ಪ್ರವೇಶ ಪರೀಕ್ಷೆಯ ಅಂಕ ಎರಡನ್ನೂ ಸಮವಾಗಿ ಪರಿಗಣಿಸಿ ನೀಡಲಾಗುತ್ತದೆ. ಹಾಗೆ ಆಕೆಗೆ ದೊರೆತ ರ‍್ಯಾಂಕ್ 62,000. ಆಕೆಯ ಅಪೇಕ್ಷೆ ಸಿವಿಲ್ ಎಂಜಿನಿಯರಿಂಗ್. ಪಕ್ಕದ ಜಿಲ್ಲೆಯ ಸರ್ಕಾರಿ ಕಾಲೇಜೊಂದನ್ನು (ಇಲ್ಲಿ 'ಕ' ಕಾಲೇಜು) ಆಕೆ ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ. ಊರಿನಿಂದ ಒಂದು ಗಂಟೆಯ ದೂರದಲ್ಲಿ ಖಾಸಗಿ ಕಾಲೇಜೊಂದಿದೆ ('ಖ' ಕಾಲೇಜು).

ಫಲಿತಾಂಶ ಬಂದ ವಾರದಲ್ಲಿಯೇ ಮಧ್ಯವರ್ತಿಯೊಬ್ಬ ಆಕೆಯ ತಂದೆಗೆ ಕರೆ ಮಾಡುತ್ತಾನೆ: "ಯಜಮಾನರೇ, 'ಕ' ಕಾಲೇಜಿನ ಸೀಟು 48,000ಕ್ಕೇ ಮುಗಿದುಹೋಗುತ್ತದೆ. ನಿಮ್ಮ ಮಗಳಿಗೆ ಸಿಗುವುದಿಲ್ಲ. ಈಗಲೇ ಮುಂಗಡ ಕೊಟ್ಟರೆ 'ಖ' ಕಾಲೇಜಿನಲ್ಲಿ ಆಡಳಿತ ಮಂಡಳಿ ಸೀಟು ಕೊಡಿಸುತ್ತೇನೆ." ತಂದೆ ಕಡಲೆಕಾಯಿ ಮಾರಿದ ಹಣವನ್ನು ತೆಗೆದಿಡುತ್ತಾನೆ. ಕೊಡುವ ಮುನ್ನ ಪುಸ್ತಕವನ್ನು ತೆರೆದು ನೋಡಿದರೆ ಏನು ಕಾಣುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. (ಈ ಉದಾಹರಣೆಯ ರ‍್ಯಾಂಕ್ ಮತ್ತು ಶುಲ್ಕಗಳು ವಿವರಣೆಗಾಗಿ ಕಲ್ಪಿಸಿದವು, ಯಾವುದೇ ಕಾಲೇಜಿನ ವಾಸ್ತವ ಅಂಕಿಗಳಲ್ಲ.)

3. ಕೊನೆಯ ರ‍್ಯಾಂಕ್ ಪಟ್ಟಿಯನ್ನು ಓದುವುದು

ಕೊನೆಯ ರ‍್ಯಾಂಕ್ (ಕಟ್ ಆಫ್) ಎಂದರೆ, ಹಿಂದಿನ ವರ್ಷ ಆ ಕಾಲೇಜಿನ ಆ ಕೋರ್ಸಿನಲ್ಲಿ, ಆ ಪ್ರವರ್ಗದಲ್ಲಿ ಸೀಟು ಪಡೆದ ಕೊನೆಯ ಅಭ್ಯರ್ಥಿಯ ರ‍್ಯಾಂಕ್. ಇಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಸ್ಪರ್ಧೆ ಹೆಚ್ಚು ಎಂದರ್ಥ. ಪ್ರತಿ ಕಾಲೇಜಿಗೂ ಒಂದು ಸಂಕೇತ ಸಂಖ್ಯೆ, ಪ್ರತಿ ಕೋರ್ಸಿಗೂ ಒಂದು ಸಾಲು, ಪ್ರತಿ ಪ್ರವರ್ಗಕ್ಕೂ ಒಂದು ಕಲಂ ಇರುತ್ತದೆ.

ಕಲಂಗಳ ತಲೆಬರಹವನ್ನು ಅರಿಯುವುದು ಅತ್ಯವಶ್ಯಕ. 'ಜಿಎಂ' ಎಂದರೆ ಸಾಮಾನ್ಯ ಅರ್ಹತೆ. ಪ್ರವರ್ಗದ ಹೆಸರಿನ ಮುಂದೆ 'ಜಿ' ಇದ್ದರೆ ಆ ಪ್ರವರ್ಗದ ಸಾಮಾನ್ಯ ಸೀಟು, 'ಆರ್' ಇದ್ದರೆ ಗ್ರಾಮೀಣ ಸೀಟು, 'ಕೆ' ಇದ್ದರೆ ಕನ್ನಡ ಮಾಧ್ಯಮದ ಸೀಟು. ಹೀಗೆ 2ಎ ಪ್ರವರ್ಗಕ್ಕೆ 2ಎಜಿ, 2ಎಆರ್, 2ಎಕೆ ಎಂಬ ಮೂರು ಕಲಂಗಳಿರುತ್ತವೆ. ಸಾಮಾನ್ಯ ಅರ್ಹತೆಗೂ ಜಿಎಂ, ಜಿಎಂಆರ್, ಜಿಎಂಕೆ ಎಂಬ ಮೂರು ಇರುತ್ತವೆ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5ರಷ್ಟು ಸೀಟುಗಳನ್ನು ಪ್ರತಿ ಪ್ರವರ್ಗದೊಳಗೂ ಕಾಯ್ದಿರಿಸಲಾಗಿದೆ.

ಉದಾಹರಣೆಯ ವಿದ್ಯಾರ್ಥಿನಿಯು 'ಕ' ಕಾಲೇಜಿನ ಸಿವಿಲ್ ಸಾಲನ್ನು ಓದಿದಾಗ ಹೀಗೆ ಕಾಣುತ್ತದೆ: ಜಿಎಂ 48,000, 2ಎಜಿ 57,000, 2ಎಕೆ 68,000, 2ಎಆರ್ 71,000. ಮಧ್ಯವರ್ತಿ ಹೇಳಿದ 48,000 ಎಂಬ ಸಂಖ್ಯೆ ಸುಳ್ಳಲ್ಲ. ಆದರೆ ಅದು ಆಕೆಗೆ ಅನ್ವಯಿಸುವ ಏಕೈಕ ಕಲಂ ಅಲ್ಲ. 62,000 ರ‍್ಯಾಂಕಿಗೆ ಜಿಎಂ ಮತ್ತು 2ಎಜಿ ಕಲಂಗಳಲ್ಲಿ ಅವಕಾಶವಿರಲಿಲ್ಲ; 2ಎಕೆ ಮತ್ತು 2ಎಆರ್ ಎರಡರಲ್ಲಿಯೂ ಅವಕಾಶವಿತ್ತು. ತಂದೆಯ ಕೈಯಲ್ಲಿದ್ದ ಮುಂಗಡದ ಹಣಕ್ಕೂ ಮಗಳು ಬಯಸಿದ ಸೀಟಿಗೂ ನಡುವೆ ಇದ್ದದ್ದು ಒಂದೇ ಸಾಲಿನ ಮೂರು ಕಲಂಗಳ ಅಂತರ ಮಾತ್ರ.

ಈ ಪಟ್ಟಿಯನ್ನು ಓದುವಾಗ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಪಟ್ಟಿ ಯಾವ ಸುತ್ತಿನದೆಂದು ನೋಡಬೇಕು. ಮೊದಲ ಸುತ್ತಿನ ಮತ್ತು ಕೊನೆಯ ಸುತ್ತಿನ ಅಂಕಿಗಳು ಭಿನ್ನವಾಗಿರುತ್ತವೆ. ಎರಡನೆಯದಾಗಿ, ಒಂದೇ ವರ್ಷದ ಅಂಕಿಯನ್ನು ನೆಚ್ಚದೆ ಸಾಧ್ಯವಾದಲ್ಲಿ ಮೂರು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಬೇಕು. ಮೂರನೆಯದಾಗಿ, ಹಿಂದಿನ ವರ್ಷದ ಅಂಕಿ ಈ ವರ್ಷದ ಭರವಸೆಯಲ್ಲ. ಅದು ಸಾಧ್ಯತೆಯನ್ನು ತೋರಿಸುವ ಗುರುತು ಮಾತ್ರ.

ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳು ಇವುಗಳ ಜೊತೆಗೆ ಸಂವಿಧಾನದ 371(ಜೆ) ಅನುಚ್ಛೇದದ ಅಡಿ ಪ್ರತ್ಯೇಕವಾಗಿ ಪ್ರಕಟವಾಗುವ ಪಟ್ಟಿಯನ್ನೂ ಓದತಕ್ಕದ್ದು. ಆ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 70, ರಾಜ್ಯದ ಇತರೆಡೆಯ ಸಂಸ್ಥೆಗಳಲ್ಲಿ ಶೇಕಡ 8ರಷ್ಟು ಸೀಟುಗಳು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲಾಗಿವೆ.

4. ಕಲಂ ತೆರೆಯುವ ಕೀಲಿ: ದಾಖಲೆ

ಪಟ್ಟಿಯಲ್ಲಿ ಅವಕಾಶ ಕಂಡ ಮಾತ್ರಕ್ಕೆ ಸೀಟು ದೊರೆಯುವುದಿಲ್ಲ. ಮೀಸಲಾತಿಯ ಪ್ರತಿ ಕಲಂಗೂ ಒಂದು ದಾಖಲೆಯ ಆಧಾರ ಬೇಕು. ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿಯವರೆಗೆ ಪೂರ್ಣ 10 ಶೈಕ್ಷಣಿಕ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೂ ಅದೇ 10 ವರ್ಷಗಳ ಲೆಕ್ಕ. ಶಾಲೆಯ ಮುಖ್ಯ ಶಿಕ್ಷಕರು ನೀಡುವ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲು ರುಜು ಅಗತ್ಯ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಯವರ ಕಚೇರಿಯಿಂದ ಪಡೆಯಬೇಕು.

ಒಂದರಿಂದ ಐದನೇ ತರಗತಿಯವರೆಗೆ ಒಂದು ಶಾಲೆ, ಅಲ್ಲಿಂದ ಹತ್ತರವರೆಗೆ ಮತ್ತೊಂದು ಶಾಲೆಯಲ್ಲಿ ಓದಿದ ಮಕ್ಕಳು ಎರಡೂ ಶಾಲೆಗಳಿಂದ ಪ್ರಮಾಣಪತ್ರ ತರಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿರುವುದೂ, ಮುಖ್ಯ ಶಿಕ್ಷಕರು ವರ್ಗಾವಣೆಯಾಗಿರುವುದೂ ಸಾಮಾನ್ಯ. ಆದ್ದರಿಂದ ಈ ಕಾರ್ಯವನ್ನು ಪಿಯುಸಿ ಪರೀಕ್ಷೆಗೂ ಮುನ್ನವೇ ಮುಗಿಸಿಕೊಳ್ಳುವುದು ಕ್ಷೇಮ. ಅರ್ಜಿಯಲ್ಲಿ ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಕೋರಿಕೆಯನ್ನು ನಮೂದಿಸದೇ ಇದ್ದಲ್ಲಿ, ಅರ್ಹತೆ ಇದ್ದೂ ಆ ಕಲಂ ಕೈತಪ್ಪಬಹುದು.

5. ಮಾನ್ಯತೆ: ಯಾರು, ಯಾವುದಕ್ಕೆ ಕೊಟ್ಟದ್ದು?

ಪ್ರಾಸ್ಪೆಕ್ಟಸ್‌ನ ಮೊದಲ ಪುಟದಲ್ಲಿಯೇ ಹಲವು ಸಂಸ್ಥೆಗಳ ಹೆಸರುಗಳು ಕಾಣುತ್ತವೆ. ಅವುಗಳ ವ್ಯತ್ಯಾಸ ತಿಳಿದಿರಬೇಕು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಅನುಮೋದನೆ ಎಂದರೆ ತಾಂತ್ರಿಕ ಕೋರ್ಸು ನಡೆಸಲು ದೊರೆತ ಅನುಮತಿ. ವಿಶ್ವವಿದ್ಯಾಲಯದ ಸಂಯೋಜನೆ ಎಂದರೆ ಪದವಿಯನ್ನು ಯಾರು ಪ್ರದಾನ ಮಾಡುತ್ತಾರೆ ಎಂಬುದರ ಉತ್ತರ. ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ಇವೆರಡೂ ಕನಿಷ್ಠ ಅವಶ್ಯಕತೆಗಳೇ ಹೊರತು ಗುಣಮಟ್ಟದ ಪದಕಗಳಲ್ಲ.

ಗುಣಮಟ್ಟದ ಮೌಲ್ಯಮಾಪನ ಬೇರೆ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್ ಇಡೀ ಸಂಸ್ಥೆಯನ್ನು ಪರಿಶೀಲಿಸಿ ಮಾನ್ಯತೆ ನೀಡುತ್ತದೆ. ಎನ್‌ಬಿಎ ಪ್ರತ್ಯೇಕ ಕೋರ್ಸನ್ನು ಪರಿಶೀಲಿಸಿ ಮಾನ್ಯತೆ ನೀಡುತ್ತದೆ. ಆದ್ದರಿಂದ "ಎನ್‌ಬಿಎ ಮಾನ್ಯತೆ ಪಡೆದ ಕಾಲೇಜು" ಎಂಬ ವಾಕ್ಯವನ್ನು ಕಂಡಾಗ, ಮಗಳು ಸೇರಬಯಸುವ ಸಿವಿಲ್ ವಿಭಾಗಕ್ಕೆ ಆ ಮಾನ್ಯತೆ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ಕೇಳಬೇಕು. ಮೆಕ್ಯಾನಿಕಲ್ ವಿಭಾಗಕ್ಕೆ ದೊರೆತ ಮಾನ್ಯತೆ ಸಿವಿಲ್ ವಿಭಾಗದ ಪ್ರಯೋಗಾಲಯವನ್ನು ಉತ್ತಮಪಡಿಸುವುದಿಲ್ಲ.

6. ಉದ್ಯೋಗದ ಅಂಕಿಗಳು

"ಸರಾಸರಿ ವೇತನ ವಾರ್ಷಿಕ 6 ಲಕ್ಷ" ಎಂಬ ಪ್ರಕಟಣೆಯನ್ನು ಓದುವಾಗ ಸಣ್ಣ ಲೆಕ್ಕವೊಂದು ನೆನಪಿರಲಿ. ಹತ್ತು ವಿದ್ಯಾರ್ಥಿಗಳಲ್ಲಿ ಒಂಬತ್ತು ಮಂದಿಗೆ ತಲಾ 3 ಲಕ್ಷ, ಒಬ್ಬನಿಗೆ 33 ಲಕ್ಷ ದೊರೆತರೆ ಒಟ್ಟು 60 ಲಕ್ಷ. ಸರಾಸರಿ 6 ಲಕ್ಷ. ಆದರೆ ಆ ಹತ್ತರಲ್ಲಿ ಒಬ್ಬರಿಗೂ 6 ಲಕ್ಷ ದೊರೆತಿಲ್ಲ. ವೇತನಗಳನ್ನು ಏರಿಕೆಯ ಕ್ರಮದಲ್ಲಿ ಬರೆದರೆ ನಡುವೆ ಬರುವ ಸಂಖ್ಯೆ, ಅಂದರೆ ಮಧ್ಯಾಂಕ, 3 ಲಕ್ಷ ಮಾತ್ರ. ಸಾಮಾನ್ಯ ವಿದ್ಯಾರ್ಥಿಯ ಸ್ಥಿತಿಯನ್ನು ಹೇಳುವುದು ಈ ಮಧ್ಯಾಂಕ.

"ಶೇಕಡ 100 ಉದ್ಯೋಗ" ಎಂಬ ಮಾತಿಗೂ ಮರುಪ್ರಶ್ನೆಗಳಿವೆ. ಆ ವಿಭಾಗದಲ್ಲಿ ಎಷ್ಟು ಮಂದಿ ಓದಿದರು? ಅವರಲ್ಲಿ ಎಷ್ಟು ಮಂದಿಯನ್ನು ಅರ್ಹರೆಂದು ಎಣಿಸಲಾಯಿತು? ಎಷ್ಟು ಮಂದಿ ಕೆಲಸಕ್ಕೆ ಹಾಜರಾದರು? ಉತ್ತರ ಬರವಣಿಗೆಯಲ್ಲಿ ದೊರೆಯದಿದ್ದಲ್ಲಿ ಆ ಅಂಕಿಯನ್ನು ಆಯ್ಕೆಯ ಆಧಾರವಾಗಿ ಬಳಸಬಾರದು.

7. ನಾಲ್ಕು ವರ್ಷಗಳ ಪೂರ್ಣ ಲೆಕ್ಕ

ಪುಸ್ತಕದಲ್ಲಿ ಕಾಣುವ ಶುಲ್ಕ ಒಂದು ವರ್ಷದ್ದು. ಕುಟುಂಬ ಭರಿಸಬೇಕಾದ ವೆಚ್ಚ ನಾಲ್ಕು ವರ್ಷದ್ದು. ಅದರಲ್ಲಿ ವಸತಿ, ಊಟ ಅಥವಾ ಬಸ್ ವೆಚ್ಚವೂ ಸೇರುತ್ತದೆ. 'ಖ' ಕಾಲೇಜು ಮನೆಗೆ ಸಮೀಪವಿರುವುದರಿಂದ ಅಗ್ಗವೆಂದು ಉದಾಹರಣೆಯ ತಂದೆ ಭಾವಿಸಿದ್ದಾನೆ. ಅಲ್ಲಿ ಸರ್ಕಾರಿ ಕೋಟಾದ ವಾರ್ಷಿಕ ಶುಲ್ಕ 1,00,000 ರೂಪಾಯಿ, ಬಸ್ ವೆಚ್ಚ 30,000 ರೂಪಾಯಿ ಆದರೆ ನಾಲ್ಕು ವರ್ಷಕ್ಕೆ 5,20,000 ರೂಪಾಯಿ. 'ಕ' ಕಾಲೇಜಿನಲ್ಲಿ ಶುಲ್ಕ 45,000 ರೂಪಾಯಿ, ವಸತಿ ಮತ್ತು ಊಟಕ್ಕೆ 60,000 ರೂಪಾಯಿ ಆದರೆ ನಾಲ್ಕು ವರ್ಷಕ್ಕೆ 4,20,000 ರೂಪಾಯಿ. ದೂರದ ಕಾಲೇಜಿನಲ್ಲಿಯೇ 1,00,000 ರೂಪಾಯಿ ಉಳಿತಾಯ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಅಥವಾ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯದಲ್ಲಿ ಪ್ರವೇಶ ದೊರೆತರೆ ವೆಚ್ಚ ಇನ್ನೂ ತಗ್ಗುತ್ತದೆ. ಆಡಳಿತ ಮಂಡಳಿ ಸೀಟಿನ ಶುಲ್ಕ ಇವೆಲ್ಲಕ್ಕಿಂತ ಹೆಚ್ಚಾಗಿರುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ.

ಲೆಕ್ಕದ ಇನ್ನೊಂದು ಬದಿಯಲ್ಲಿ ನೆರವುಗಳಿವೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ (ಎಸ್‌ಎಸ್‌ಪಿ) ಮೂಲಕ ಅರ್ಜಿ ಸಲ್ಲಿಸಬಹುದು. ಎಸ್‌ಎನ್‌ಕ್ಯೂ ಎಂದು ಕರೆಯಲಾಗುವ ಹೆಚ್ಚುವರಿ ಸೀಟುಗಳಲ್ಲಿ, ವಾರ್ಷಿಕ ಆದಾಯದ ಮಿತಿಯೊಳಗಿರುವ ಕುಟುಂಬದ ಅಭ್ಯರ್ಥಿಗಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಈ ಸೌಲಭ್ಯವನ್ನು ಅರ್ಜಿಯ ಹಂತದಲ್ಲಿಯೇ ಕೋರಬೇಕಾಗಿರುವುದರಿಂದ ಮಾಹಿತಿ ಪುಸ್ತಕದ ಆ ಪುಟವನ್ನು ಬಿಡದೆ ಓದತಕ್ಕದ್ದು.

ನಿಗದಿತ ಶುಲ್ಕಕ್ಕಿಂತ ಹೆಚ್ಚಾಗಿ ವಂತಿಗೆ ಪಡೆಯುವುದನ್ನು ಕರ್ನಾಟಕ ಶಿಕ್ಷಣ ಸಂಸ್ಥೆಗಳ (ಕ್ಯಾಪಿಟೇಶನ್ ಶುಲ್ಕ ನಿಷೇಧ) ಅಧಿನಿಯಮ, 1984 ನಿಷೇಧಿಸಿದೆ. ರಸೀದಿ ಇಲ್ಲದೆ ಯಾರಿಗೂ, ಯಾವ ಹೆಸರಿನಲ್ಲಿಯೂ ಹಣ ನೀಡಬಾರದು.

8. ಆಯ್ಕೆ ಪಟ್ಟಿಯ ಕ್ರಮವೇ ನಿರ್ಧಾರ

ಇಲ್ಲಿಯವರೆಗಿನ ಓದಿನ ಫಲವೆಲ್ಲವೂ ಆಯ್ಕೆ ದಾಖಲಿಸುವ ಹಂತದಲ್ಲಿ (ಆಪ್ಷನ್ ಎಂಟ್ರಿ) ಒಟ್ಟುಗೂಡುತ್ತದೆ. ಹಂಚಿಕೆಯ ವ್ಯವಸ್ಥೆಯು ಅಭ್ಯರ್ಥಿಯ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ, ಆಕೆಯ ರ‍್ಯಾಂಕ್ ಮತ್ತು ಪ್ರವರ್ಗಕ್ಕೆ ದೊರೆಯಬಹುದಾದ ಮೊದಲ ಆಯ್ಕೆಯನ್ನು ನೀಡುತ್ತದೆ. ಇದರಿಂದ ಎರಡು ನಿಯಮಗಳು ತಾವಾಗಿಯೇ ಹೊರಡುತ್ತವೆ.

ಮೊದಲ ನಿಯಮ: ಕೈಗೆಟುಕದೆಂಬ ಭಯದಿಂದ ಇಷ್ಟದ ಕಾಲೇಜನ್ನು ಪಟ್ಟಿಯಿಂದ ಬಿಡಬಾರದು, ಕೆಳಕ್ಕೂ ಇಳಿಸಬಾರದು. 1917ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುವಿಸಿಇಯನ್ನು ಮೊದಲ ಸಾಲಿನಲ್ಲಿ ಬರೆದು ಅದು ದೊರೆಯದಿದ್ದರೆ ವ್ಯವಸ್ಥೆ ಎರಡನೆಯ ಸಾಲಿಗೆ ಹೋಗುತ್ತದೆ. ಎರಡನೆಯದಕ್ಕಿರುವ ಹಕ್ಕು ಕಡಿಮೆಯಾಗುವುದಿಲ್ಲ. ಹಾಸನ, ಹಾವೇರಿ, ರಾಮನಗರ, ಚಾಮರಾಜನಗರ, ರಾಯಚೂರು, ಕಾರವಾರ, ಕುಶಾಲನಗರ ಮೊದಲಾದೆಡೆಗಳಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ತಮ್ಮ ಜಿಲ್ಲೆಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಇವುಗಳನ್ನು ಬಿಟ್ಟುಬಿಡುವುದು ಸರಿಯಲ್ಲ.

ಎರಡನೆಯ ನಿಯಮ: ದೊರೆತರೂ ಸೇರಲು ಮನಸ್ಸಿಲ್ಲದ ಕಾಲೇಜನ್ನು ಅಥವಾ ಕೋರ್ಸನ್ನು ಪಟ್ಟಿಯಲ್ಲಿ ಬರೆಯಬಾರದು. "ಇರಲಿ" ಎಂದು ಸೇರಿಸಿದ ಸಾಲೇ ಹಂಚಿಕೆಯಾಗಿ ಬರಬಹುದು.

ಪಟ್ಟಿಯನ್ನು ಮೊದಲು ಕಾಗದದ ಮೇಲೆ ಬರೆಯಬೇಕು. ಪ್ರತಿ ಸಾಲಿಗೂ ಕಾಲೇಜಿನ ಸಂಕೇತ, ಕೋರ್ಸು, ಅನ್ವಯಿಸುವ ಕಲಂನ ಕೊನೆಯ ರ‍್ಯಾಂಕ್, ನಾಲ್ಕು ವರ್ಷದ ವೆಚ್ಚ ಇವಿಷ್ಟನ್ನು ನಮೂದಿಸಿ, ಮನೆಯವರೆಲ್ಲರೂ ಕುಳಿತು ಕ್ರಮವನ್ನು ನಿರ್ಧರಿಸಬೇಕು. ಅನಂತರವೇ ಅದನ್ನು ಗಣಕಯಂತ್ರದಲ್ಲಿ ದಾಖಲಿಸಬೇಕು. ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಅಭ್ಯರ್ಥಿಯೇ ಇಟ್ಟುಕೊಳ್ಳಬೇಕು; ಬೇರೆಯವರ ಕೈಯಲ್ಲಿ ಪಟ್ಟಿಯ ಕ್ರಮ ಬದಲಾದರೆ ಅದರ ಪರಿಣಾಮವನ್ನು ಅನುಭವಿಸುವವರು ಅಭ್ಯರ್ಥಿಯೇ. ಅಣಕು ಸೀಟು ಹಂಚಿಕೆಯ ಫಲಿತಾಂಶ ನೋಡಿದ ಮೇಲೆ ಪಟ್ಟಿಯನ್ನು ತಿದ್ದಿಕೊಳ್ಳಲು ಅವಕಾಶವಿರುತ್ತದೆ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಛಾಯ್ಸ್‌ಗಳಿರುತ್ತವೆ. ಛಾಯ್ಸ್ 1: ಸೀಟು ಒಪ್ಪಿಗೆಯಾಗಿದೆ, ಶುಲ್ಕ ಪಾವತಿಸಿ ಕಾಲೇಜಿಗೆ ಸೇರುವುದು. ಛಾಯ್ಸ್ 2: ಈ ಸೀಟನ್ನು ಉಳಿಸಿಕೊಂಡು, ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವ ಆಯ್ಕೆಗಾಗಿ ಮುಂದಿನ ಸುತ್ತಿಗೆ ಕಾಯುವುದು. ಛಾಯ್ಸ್ 3: ಸೀಟನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿನಲ್ಲಿ ಭಾಗವಹಿಸುವುದು. ಛಾಯ್ಸ್ 4: ಪ್ರಕ್ರಿಯೆಯಿಂದ ಹೊರಬರುವುದು. ಎರಡನ್ನೂ ಮೂರನ್ನೂ ಅದಲುಬದಲು ಮಾಡಿಕೊಂಡು ಇದ್ದ ಸೀಟನ್ನು ಕಳೆದುಕೊಳ್ಳುವ ಅಪಾಯವಿದೆ. ಶುಲ್ಕ ಪಾವತಿಯ ಷರತ್ತು ಮತ್ತು ಕೊನೆಯ ದಿನಾಂಕವನ್ನು ಆಯಾ ವರ್ಷದ ಸೂಚನೆಯಲ್ಲಿ ಓದಿಯೇ ಛಾಯ್ಸ್ ದಾಖಲಿಸತಕ್ಕದ್ದು.

9. ಪುಸ್ತಕ ಹೇಳದ ವಿಷಯಗಳು

ಯಾವ ಪುಸ್ತಕವೂ ಎಲ್ಲವನ್ನೂ ಹೇಳುವುದಿಲ್ಲ. ವಿಭಾಗದಲ್ಲಿ ಅಧ್ಯಾಪಕರು ಪೂರ್ಣ ಸಂಖ್ಯೆಯಲ್ಲಿದ್ದಾರೆಯೇ, ಪ್ರಯೋಗಾಲಯದ ಯಂತ್ರಗಳು ಬಳಕೆಯಲ್ಲಿವೆಯೇ, ವಿದ್ಯಾರ್ಥಿನಿಯರ ನಿಲಯದಲ್ಲಿ ನೀರು, ಶೌಚಾಲಯ, ಕಾವಲು ಸರಿಯಿವೆಯೇ, ಸಂಜೆಯ ಕೊನೆಯ ಬಸ್ ಎಷ್ಟು ಗಂಟೆಗೆ ಎಂಬುದನ್ನು ಒಂದು ದಿನ ಹೋಗಿ ನೋಡಿಬರುವುದು ಉತ್ತಮ. ಎರಡನೆಯ ಅಥವಾ ಮೂರನೆಯ ವರ್ಷದ ವಿದ್ಯಾರ್ಥಿಗಳೊಂದಿಗೆ ಹತ್ತು ನಿಮಿಷ ಮಾತನಾಡಿದರೆ ಪ್ರಾಸ್ಪೆಕ್ಟಸ್‌ನ ಹತ್ತು ಪುಟಗಳಿಗಿಂತ ಹೆಚ್ಚು ತಿಳಿಯುತ್ತದೆ.

ಅದೇ ರೀತಿ, ಯಾವ ಕೋರ್ಸನ್ನು ಓದಬೇಕೆಂಬುದನ್ನೂ ಪುಸ್ತಕ ನಿರ್ಧರಿಸಲಾರದು. ಸಿವಿಲ್ ಬೇಡ, ಕಂಪ್ಯೂಟರ್ ವಿಜ್ಞಾನವೇ ಆಗಬೇಕೆಂದು ನೆಂಟರು ಒತ್ತಾಯಿಸಬಹುದು. ಗಣಿತದ ಯಾವ ಭಾಗ ಸುಲಭವೆನಿಸಿತು, ಯಾವ ಕೆಲಸವನ್ನು ನೋಡಿದಾಗ ಆಸಕ್ತಿ ಹುಟ್ಟಿತು ಎಂಬುದನ್ನು ಬಲ್ಲವರು ಓದುವ ಮಕ್ಕಳೇ. ಆ ಮಾತನ್ನು ಮೊದಲು ಕೇಳಿ, ಬಳಿಕ ಪುಸ್ತಕ ತೆರೆಯುವುದು ಸರಿಯಾದ ಕ್ರಮ.

10. ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿ ಕಾರ್ಯನಿರ್ವಹಿಸುತ್ತಿವೆ. ಈ ಕೇಂದ್ರಗಳಲ್ಲಿ ಕೆಳಕಂಡ ಕ್ರಮಗಳನ್ನು ಕೈಗೊಂಡಲ್ಲಿ ಗ್ರಾಮದ ಮಕ್ಕಳಿಗೆ ಅನುಕೂಲವಾಗುವುದು.

(ಅ) ಪ್ರಸಕ್ತ ವರ್ಷದ ಮಾಹಿತಿ ಪುಸ್ತಕ, ಶುಲ್ಕ ಪಟ್ಟಿ ಮತ್ತು ಲಭ್ಯವಿರುವ ಹಿಂದಿನ ವರ್ಷಗಳ ಕೊನೆಯ ರ‍್ಯಾಂಕ್ ಪಟ್ಟಿಗಳ ಮುದ್ರಿತ ಪ್ರತಿಯನ್ನು ಹೊಲಿದು ಓದುಗರ ಮೇಜಿನ ಮೇಲಿಡುವುದು. ಹಳೆಯ ಪ್ರತಿಯ ಮೇಲೆ ಅದರ ವರ್ಷವನ್ನು ದೊಡ್ಡದಾಗಿ ಬರೆಯುವುದು.

(ಆ) ಅಗತ್ಯ ಪ್ರಮಾಣಪತ್ರಗಳ ಪಟ್ಟಿಯನ್ನು ಜನವರಿ ತಿಂಗಳಿನಲ್ಲಿಯೇ ಸೂಚನಾ ಫಲಕದಲ್ಲಿ ಪ್ರಕಟಿಸುವುದು.

(ಇ) ಫಲಿತಾಂಶದ ನಂತರದ ಒಂದು ಭಾನುವಾರ, ಗ್ರಾಮದಿಂದ ಹೋಗಿ ಎಂಜಿನಿಯರಿಂಗ್, ಕೃಷಿ, ನರ್ಸಿಂಗ್ ಮೊದಲಾದ ಕೋರ್ಸುಗಳಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳನ್ನು ಕರೆಸಿ, ಪಟ್ಟಿಯನ್ನು ಓದುವ ಕ್ರಮವನ್ನು ಕಿರಿಯರಿಗೆ ಹೇಳಿಕೊಡಿಸುವುದು.

(ಈ) ಆಯ್ಕೆ ದಾಖಲಿಸುವ ದಿನಗಳಲ್ಲಿ ಕೇಂದ್ರದ ಗಣಕಯಂತ್ರವನ್ನು ಈ ಕಾರ್ಯಕ್ಕೆ ಆದ್ಯತೆಯ ಮೇಲೆ ಒದಗಿಸುವುದು.

ಉಪಸಂಹಾರ

ಉದಾಹರಣೆಯ ವಿದ್ಯಾರ್ಥಿನಿಗೆ 'ಕ' ಕಾಲೇಜು ದೊರೆಯುತ್ತದೆಂದು ಯಾವ ಪುಸ್ತಕವೂ ಭರವಸೆ ನೀಡುವುದಿಲ್ಲ. ಆದರೆ ಸಿಗುವುದಿಲ್ಲವೆಂದು ಮಧ್ಯವರ್ತಿ ಹೇಳಿದ ಮಾತಿಗೆ ಆಧಾರವಿಲ್ಲವೆಂಬುದನ್ನು ಒಂದು ಸಾಲು ತೋರಿಸಿಕೊಟ್ಟಿತು. ತಂದೆಯ ಹಣ ಪೆಟ್ಟಿಗೆಯಲ್ಲಿಯೇ ಉಳಿಯಿತು. ಮಗಳು ವ್ಯಾಸಂಗ ಪ್ರಮಾಣಪತ್ರಕ್ಕಾಗಿ ತನ್ನ ಹಳೆಯ ಶಾಲೆಗೆ ಹೋದಳು. ಕಾಲೇಜಿನ ಆಯ್ಕೆಯು ಆರಂಭವಾಗಬೇಕಾದದ್ದು ಹೀಗೆಯೇ: ಹಣ ಕೊಡುವುದಕ್ಕೆ ಮುನ್ನ, ತನಗೆ ಅನ್ವಯಿಸುವ ಕಲಂ ಯಾವುದೆಂದು ತಿಳಿದು, ಅದಕ್ಕೆ ಬೇಕಾದ ದಾಖಲೆಯನ್ನು ಕೈಯಲ್ಲಿ ಹಿಡಿದು. ಪ್ರತಿ ಅರಿವು ಕೇಂದ್ರದ ಮೇಜಿನ ಮೇಲೂ ಆ ಪುಸ್ತಕ ಇರಲಿ, ಅದರ ಪಕ್ಕದಲ್ಲಿ ಒಂದು ಪೆನ್ಸಿಲ್ ಇರಲಿ.